ಕೆರೆಯಮ್ಮ ಬಾಗಿಲಿಗೆ ಬಂದಾಗ

ಕನ್ನಡ ಪಾಠ ಹೇಳುವವನು ಕವಿತೆ ಬರೆದರೆ ಯಾರೂ ಬೆರಗಾಗುವುದಿಲ್ಲ. ಅದು ಆ ವೃತ್ತಿಗೆ ಅಂಟಿಬಂದ ಕಾಯಿಲೆಯೆಂದು ಮನ್ನಿಸಿಬಿಡುತ್ತಾರೆ. ವಿಮರ್ಶೆ ಬರೆದರಂತೂ ಓದುವವರೇ ಇಲ್ಲವಾದ್ದರಿಂದ ಯಾರಿಗೂ ಅಪಾಯವಿಲ್ಲ. ಆದರೆ ನಲವತ್ತು ದಾಟಿ, ಹಣೆ ದಿನದಿನಕ್ಕೆ ಅಗಲವಾಗುತ್ತಿರುವ ಕಾಲದಲ್ಲಿ, ಅವನು ದೇವತೆಗಳೂ ರಾಕ್ಷಸರೂ ಓಡಾಡುವ ಅದ್ಭುತ ಕಾದಂಬರಿಯೊಂದನ್ನು, ಈಗಿನ ಹುಡುಗರು ಫ್ಯಾಂಟಸಿ ಎನ್ನುತ್ತಾರಲ್ಲ, ಆ ಜಾತಿಯದನ್ನು, ಬರೆಯಲು ಕುಳಿತನೆಂದರೆ ಮನೆಯವರಿಗೆ ಕಳವಳವಾಗುವುದು ಸಹಜವೇ.

“ರೀ, ಅಚ್ಚು ಹಾಕಿಸೋ ದುಡ್ಡು ನಮ್ಮದೋ ಅವರದೋ?” ಎಂದು ನನ್ನಾಕೆ ಮೊದಲ ದಿನವೇ ಕೇಳಿದಳು. ಎರಡನೆಯ ದಿನ, “ಅದರಲ್ಲಿ ನಾನೂ ಬರ್ತೀನಾ?” ಎಂದಳು. ಎರಡನೆಯ ಪ್ರಶ್ನೆಗೆ ಇಲ್ಲವೆಂದು ಧೈರ್ಯವಾಗಿ ಹೇಳಿದೆ. ಮೊದಲನೆಯದಕ್ಕೆ ಉತ್ತರ ನನಗೆ ಇವತ್ತಿಗೂ ತಿಳಿಯದು. ಏಕೆಂದರೆ ಮೂರು ವರ್ಷ ದಾಟಿದರೂ ಕಾದಂಬರಿ ಮುಗಿದಿಲ್ಲ. ಏಕೆ ಮುಗಿದಿಲ್ಲವೆಂಬುದನ್ನು ಯಾರ ಬಳಿಯಾದರೂ ಹೇಳಿಕೊಳ್ಳಬೇಕಲ್ಲ, ಅದಕ್ಕೇ ಈ ಬರಹ.

ಅದರ ಬೀಜ ಬಿದ್ದದ್ದು ತರಗತಿಯಲ್ಲಿ. ಬಿ.ಕಾಂ. ಹುಡುಗರಿಗೆ ಮಧ್ಯಾಹ್ನದ ಊಟವಾದ ಮೇಲಿನ ಭಾಷಾಪಾಠ. ಕನ್ನಡ ಅಧ್ಯಾಪಕನ ಪಾಲಿಗೆ ಅದಕ್ಕಿಂತ ಕಠಿಣವಾದ ತಪಸ್ಸು ಬೇರೊಂದಿಲ್ಲ. ‘ಕೆರೆಗೆ ಹಾರ’ದ ಪಾಠ ಮುಗಿದಿದ್ದಿತು. ಕಟ್ಟಿಸಿದ ಕೆರೆಯಲ್ಲಿ ನೀರು ಬಾರದೆ, ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಟ್ಟ ಕಥನಗೀತೆ ಅದು. ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷವಿತ್ತು. ಅರ್ಧ ತರಗತಿ ತೂಕಡಿಸುತ್ತಿದ್ದಿತು. ಎಬ್ಬಿಸುವುದಕ್ಕೆಂದು, ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯ ಬಗ್ಗೆ ಜನ ಹೇಳುವ ಕಥೆಯನ್ನು ಎತ್ತಿಕೊಂಡೆ. ಕೆರೆಯ ದೇವತೆ ಒಂದು ರಾತ್ರಿ ನೀರಗಂಟಿಗೆ ಕಾಣಿಸಿಕೊಂಡು, “ಏರಿ ಒಡೆದು ಹೊರಟುಹೋಗುತ್ತೇನೆ” ಎಂದಳಂತೆ. ನೀರಗಂಟಿಯೆಂದರೆ ತೂಬು ಎತ್ತಿ ಇಳಿಸುವವನು, ಗದ್ದೆಗದ್ದೆಗೂ ಸರದಿಯ ಮೇಲೆ ನೀರು ಬಿಡುವವನು, ಮಳೆಗಾಲದ ರಾತ್ರಿಯಲ್ಲಿ ಏರಿಯ ಮೇಲೆ ಕಂಬಳಿ ಹೊದ್ದು ಕಾಯುವವನು. ಅವನು ಕೈಮುಗಿದು, “ನಾನು ಹೋಗಿ ದೊರೆಗೆ ತಿಳಿಸಿ ಹಿಂದಿರುಗುವವರೆಗೆ ತಾಳು ತಾಯಿ” ಎಂದು ಬೇಡಿಕೊಂಡ. ಅವಳು ಆಗಲೆಂದಳು. ದೊರೆ ಎಲ್ಲವನ್ನೂ ಕೇಳಿ, ನೀರಗಂಟಿ ಹಿಂದಿರುಗದಿದ್ದರೆ ಕೆರೆ ಒಡೆಯುವ ಹಾಗಿಲ್ಲವೆಂದು ಲೆಕ್ಕ ಹಾಕಿ, ಅವನ ತಲೆ ತೆಗೆಸಿದ. ಮಾತು ಕೊಟ್ಟವಳು ಇನ್ನೂ ಕಾಯುತ್ತಿದ್ದಾಳೆ; ಕೆರೆ ಇನ್ನೂ ನಿಂತಿದೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, “ಸಾರ್, ಒಂದುವೇಳೆ ಕೆರೇನೇ ಮುಚ್ಚಿಬಿಟ್ರೆ ಅವಳು ಎಲ್ಲಿ ಕಾಯ್ತಾಳೆ?” ಎಂದಳು.

ಇಪ್ಪತ್ತು ವರ್ಷದ ಅಧ್ಯಾಪನದಲ್ಲಿ ವಿದ್ಯಾರ್ಥಿಗಳ ಪ್ರಶ್ನೆಗೆ ಉತ್ತರ ತೋರದೆ ನಿಂತದ್ದುಂಟು. ಆದರೆ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದದ್ದು ಅದೊಂದೇ ಸಲ. 2022ರ ಬೇಸಗೆ ರಜೆಯಲ್ಲಿ ಬರೆಯಲು ಕುಳಿತೆ.

ಕಾದಂಬರಿಯ ಊರಿಗೆ ಬೇರೊಂದು ಹೆಸರಿಟ್ಟಿದ್ದೇನೆ, ಆದರೆ ಅದು ಬೆಂಗಳೂರೇ. ಈ ಊರಿಗೆ ದೊಡ್ಡ ನದಿಯಿಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ದಿಣ್ಣೆಯ ಮೇಲೆ ಕುಳಿತಿರುವ ಊರಿಗೆ ನದಿ ಹತ್ತಿ ಬರುವುದಾದರೂ ಹೇಗೆ? ಬಿದ್ದ ಮಳೆಯನ್ನು ಹಿಡಿದು ನಿಲ್ಲಿಸಿಕೊಳ್ಳುವುದೊಂದೇ ಉಪಾಯ. ಆದ್ದರಿಂದ ಹಿಂದಿನವರು ಇಳಿಜಾರಿನುದ್ದಕ್ಕೂ ಒಂದರ ಕೆಳಗೊಂದರಂತೆ ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರುವುದು. ಬೆಳ್ಳಂದೂರಿನ ನೀರು ವರ್ತೂರಿಗೆ, ವರ್ತೂರಿನದು ದಕ್ಷಿಣ ಪಿನಾಕಿನಿಗೆ. ಈ ಸರಪಣಿಯಲ್ಲಿ ಯಾವ ಕೆರೆಯೂ ಒಂಟಿಯಲ್ಲ. ನನ್ನ ಕಾದಂಬರಿಯಲ್ಲಿ ಅವರು ಅಕ್ಕತಂಗಿಯರು. ಕೋಡಿ ಬಿದ್ದಾಗ ಒಬ್ಬಳು ಇನ್ನೊಬ್ಬಳಿಗೆ ಬಾಗಿನ ಕಳಿಸುತ್ತಾಳೆ. ಈ ಕಲ್ಪನೆಗೆ ನಾನು ಹೆಚ್ಚು ಕಷ್ಟಪಡಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದಿತು. ಆಮೇಲೆ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯೇ ನೂರು ಕಿಲೋಮೀಟರು ದೂರದಿಂದ ಪಂಪುಗಳ ಮೇಲೇರಿ ಬಂದಳು. ನಲ್ಲಿ ತಿರುಗಿಸಿದರೆ ನೀರು ಬೀಳುವ ಊರಿನಲ್ಲಿ ತೂಬು ಎತ್ತುವವನಿಗೆ ಏನು ಕೆಲಸ? ನೀರಗಂಟಿ ಹೋದ. ಅವನ ಹಿಂದೆಯೇ ಕೆರೆಗಳೂ ಹೊರಟವು. ಧರ್ಮಾಂಬುಧಿ ಕೆರೆಯಿದ್ದಲ್ಲಿ ಕೆಂಪೇಗೌಡ ಬಸ್ಸು ನಿಲ್ದಾಣ ಬಂದಿತು, ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣ. ಆ ಕ್ರೀಡಾಂಗಣದ ಆವರಣದಲ್ಲಿ ಕೆರೆಯ ಒಂದು ಚೂರನ್ನು, ಕಲ್ಯಾಣಿಯಷ್ಟು ಜಾಗವನ್ನು, ಕರಗದವರಿಗಾಗಿ ಉಳಿಸಿದ್ದಾರೆ. ಕರಗದ ವಿಧಿ ಇಂದಿಗೂ ಅಲ್ಲಿಗೆ ಬಂದೇ ನಡೆಯಬೇಕು. ಕಂದಾಯ ಇಲಾಖೆ ಮರೆತದ್ದನ್ನು ಜಾತ್ರೆ ನೆನಪಿಟ್ಟುಕೊಂಡಿದೆ.

ಇಷ್ಟೆಲ್ಲ ತಿಳಿದಿದ್ದಮೇಲೆ ಇದನ್ನು ನೇರವಾಗಿ ಒಂದು ಲೇಖನವಾಗಿ ಬರೆಯಬಾರದಿತ್ತೇ, ದೇವತೆಗಳ ಹಂಗೇಕೆ, ಎಂದು ಹಿರಿಯ ಸಹೋದ್ಯೋಗಿಗಳೊಬ್ಬರು ಕೇಳಿದರು. ಶರಾವತಿಯಲ್ಲಿ ಊರುಗಳು ಮುಳುಗಿದ್ದನ್ನು ನಾ. ಡಿಸೋಜರು ‘ಮುಳುಗಡೆ’ಯಲ್ಲಿ ಬರೆಯಲಿಲ್ಲವೇ, ಅದರಲ್ಲಿ ಯಾವ ಯಕ್ಷಿಣಿ ಇದ್ದಾಳೆ ಎಂಬುದು ಅವರ ವಾದ. ಮಾತು ನಿಜವೇ. ಆದರೆ ಡಿಸೋಜರು ಮುಳುಗಿದ ನಾಡಿನ ನೆರೆಯಲ್ಲಿ ಬಾಳಿದವರು, ಕಳೆದುಕೊಂಡವರನ್ನು ಕಣ್ಣಾರೆ ಕಂಡವರು. ನಾನು ಕೆರೆಯನ್ನು ಕಂಡವನಲ್ಲ. ಕೆರೆ ಹೋದಮೇಲೆ ಬಂದು, ಅದರ ಹೆಸರಿನ ಬಸ್ಸು ಹತ್ತಿ ಕಾಲೇಜಿಗೆ ಹೋದವನು. ಕಾಣದ್ದನ್ನು ಕಳೆದುಕೊಂಡವನು ಅದನ್ನು ಬರೆಯಬೇಕಾದರೆ ಕಲ್ಪನೆಯೊಂದೇ ಗತಿ. ಇನ್ನೂ ಒಂದು ಮಾತು: ಅದ್ಭುತ ಕಥೆಯಲ್ಲಿ ಕೊಟ್ಟ ಮಾತಿಗೆ ಬೆಲೆಯುಂಟು. ದೇವತೆ “ಕಾಯುತ್ತೇನೆ” ಎಂದರೆ ಕಾಯಲೇಬೇಕು, ಸಾವಿರ ವರ್ಷವಾದರೂ ಸರಿಯೆ. ನಮ್ಮ ಊರಿನಲ್ಲಿ 1985ರಲ್ಲಿ ಸರ್ಕಾರವೇ ನೇಮಿಸಿದ ಲಕ್ಷ್ಮಣರಾವ್ ಸಮಿತಿ, ಇರುವ ಕೆರೆಗಳನ್ನು ಉಳಿಸಿಕೊಳ್ಳಬೇಕೆಂದು ಹೇಳಿದ್ದಿತು. ಆ ಮಾತು ಎಷ್ಟು ವರ್ಷ ನಿಂತಿತು ಎಂಬುದನ್ನು ನಾವು ನೋಡಿದ್ದೇವೆ.

ಹಾಗಾಗಿ ನನ್ನ ಕಾದಂಬರಿಯಲ್ಲಿ ಕೆರೆಯಮ್ಮ ಮುದುಕಿಯ ವೇಷದಲ್ಲಿ ಬಡಾವಣೆಯ ಮನೆಮನೆಗೂ ಹೋಗುತ್ತಾಳೆ. ಹೋಗಿ, “ನಮ್ಮ ನೀರಗಂಟಿ ಬಂದನೇನಪ್ಪ?” ಎಂದು ಕೇಳುತ್ತಾಳೆ. ಯಾರಿಗೂ ಆ ಶಬ್ದದ ಅರ್ಥ ತಿಳಿಯದು. ವಾಟರ್‌ಮ್ಯಾನ್ ಇರಬೇಕೆಂದುಕೊಂಡು, “ನಾಳೆ ಬರ್ತಾನಜ್ಜಿ” ಎನ್ನುತ್ತಾರೆ. ಅವಳು ಮತ್ತೆ ಒಂದು ದಿನ ಕಾಯುತ್ತಾಳೆ. “ಅವನು ಇನ್ನು ಬರುವುದಿಲ್ಲ” ಎಂದು ಯಾರಾದರೊಬ್ಬರು ನಿಜ ನುಡಿದರೆ ಅವಳು ಕೊಟ್ಟ ಮಾತಿನಿಂದ ಬಿಡುಗಡೆ. ಅಷ್ಟು ದಿನ ತಡೆದು ನಿಲ್ಲಿಸಿಕೊಂಡಿದ್ದ ನೀರೆಲ್ಲ ಆ ಕ್ಷಣ ತನ್ನ ಜಾಗಕ್ಕೆ ಬಂದುಬಿಡುತ್ತದೆ.

ಮೊದಲ ಭಾಗವನ್ನು ಭೌತಶಾಸ್ತ್ರದ ಮಿತ್ರರೊಬ್ಬರಿಗೆ ಓದಲು ಕೊಟ್ಟೆ. ಅವರು ಉತ್ತರ ಕರ್ನಾಟಕದಿಂದ ಆಗತಾನೆ ವರ್ಗವಾಗಿ ಬಂದವರು, ಪುಸ್ತಕ ಓದಿದರೆ ಕೈಯಲ್ಲಿ ಪೆನ್ಸಿಲು ಹಿಡಿಯುವವರು. ದೇವತೆ ಬೀದಿಯಲ್ಲಿ ನಡೆಯುವುದಕ್ಕೆ ಅವರ ತಕರಾರಿರಲಿಲ್ಲ. ಕಪ್ಪೆಗಳು ಸಭೆ ಸೇರುವುದನ್ನು ಮೆಚ್ಚಿಕೊಂಡಿದ್ದರು. ಆದರೆ ಎರಡು ಕಡೆ ದಪ್ಪವಾಗಿ ಗೆರೆ ಎಳೆದು, “ಇದು ಅತಿಯಾಯಿತು, ಓದುಗ ನಂಬುವುದಿಲ್ಲ” ಎಂದು ಬರೆದಿದ್ದರು. ಒಂದು, ಕೆರೆಯಿಂದ ಬಿಳಿಯ ನೊರೆ ಆಳೆತ್ತರಕ್ಕೆ ಎದ್ದು, ಗಾಳಿಗೆ ಹಾರಿ, ದಾರಿಹೋಕರ ಮುಖಕ್ಕೆ ಬಡಿಯುವ ಪ್ರಸಂಗ. ಇನ್ನೊಂದು, ಕೆರೆಗೆ ಬೆಂಕಿ ಹತ್ತಿಕೊಳ್ಳುವ ಪ್ರಸಂಗ. ಇಡೀ ಹಸ್ತಪ್ರತಿಯಲ್ಲಿ ನಾನು ಕಲ್ಪಿಸದೆ ಇದ್ದದ್ದು ಅವೆರಡೇ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದ್ದನ್ನೂ, 2017ರ ಫೆಬ್ರವರಿಯಲ್ಲಿ ಮತ್ತೆ ಹೊಗೆ ಎದ್ದದ್ದನ್ನೂ, 2018ರ ಜನವರಿಯಲ್ಲಿ ಸೈನಿಕರು ಬಂದು ಆರಿಸಬೇಕಾದದ್ದನ್ನೂ ಪತ್ರಿಕೆಗಳಿಂದ ತೆಗೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿ ಪೆನ್ಸಿಲಿನ ಗೆರೆಯನ್ನು ರಬ್ಬರಿನಿಂದ ಅಳಿಸಿದರು. ವಿಜ್ಞಾನಿಗಳ ಈ ಪ್ರಾಮಾಣಿಕತೆ ನನ್ನಂಥ ಸಾಹಿತ್ಯದವರಿಗೆ ಬರಬೇಕು.

ಆ ನೊರೆಯನ್ನು ನಾನು ರಾಕ್ಷಸನನ್ನಾಗಿ ಮಾಡಿದ್ದೆ. ಅದ್ಭುತ ಕಥೆಯೆಂದಮೇಲೆ ಒಬ್ಬ ರಾಕ್ಷಸ ಬೇಡವೇ? ಬೆಳ್ಳಗೆ, ಮೂಳೆಯಿಲ್ಲದವನು, ಕಡಿದಷ್ಟೂ ಇಬ್ಬರಾಗುವವನು. ಅವನ ಹುಟ್ಟನ್ನು ವರ್ಣಿಸುವುದಕ್ಕೆ ಹದಿನಾರು ಪುಟ ಹಿಡಿದಿದ್ದಿತು. ಅದರಲ್ಲಿ ಸಮುದ್ರಮಥನದ ಛಾಯೆ ಸಾಕಷ್ಟಿದ್ದಿತು. ಒಂದು ಭಾನುವಾರ ಹತ್ತನೆಯ ತರಗತಿಯಲ್ಲಿದ್ದ ನನ್ನ ಮಗಳು ಅದನ್ನು ಓದಿ, “ಅಪ್ಪ, ನಿಜವಾಗಿ ನೊರೆ ಹೇಗೆ ಬರುತ್ತೆ?” ಎಂದಳು. ತಿಳಿದಷ್ಟು ಹೇಳಿದೆ. ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ಸೋಪು, ಮೈಗೆ ಹಚ್ಚುವ ಸೋಪು ಎಲ್ಲವೂ ಕೊಳಚೆಯ ಜೊತೆ ಶುದ್ಧಿಯಾಗದೆ ಕೆರೆಗೆ ಸೇರುತ್ತವೆ, ಹೂಳಿನಲ್ಲಿ ಕುಳಿತಿರುತ್ತವೆ, ಮಳೆ ಬಂದು ನೀರು ಕಲಕಿ ಕೋಡಿಯಿಂದ ಧುಮುಕಿದಾಗ ಮಜ್ಜಿಗೆ ಕಡೆದ ಹಾಗಾಗಿ ನೊರೆ ಏಳುತ್ತದೆ. ಅವಳು ಕೇಳಿಕೊಂಡು, ಹಿತ್ತಲಲ್ಲಿ ಗಡಗಡ ತಿರುಗುತ್ತಿದ್ದ ನಮ್ಮ ಒಗೆಯುವ ಯಂತ್ರದ ಕಡೆ ಒಮ್ಮೆ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ಏನೂ ಹೇಳಲಿಲ್ಲ. ಆ ಸಂಜೆಯೇ ರಾಕ್ಷಸನನ್ನು ಹದಿನಾರು ಪುಟದ ಸಮೇತ ತೆಗೆದುಹಾಕಿದೆ. ಒಳ್ಳೆಯ ಗದ್ಯವಾಗಿತ್ತು, ಹೊಟ್ಟೆ ಉರಿಯಿತು.

ಅದೇ ತಿಂಗಳು ಎಂ.ಎ. ತರಗತಿಯಲ್ಲಿ ಖಾಂಡವದಹನ ಬಂದಿತು. ಎಷ್ಟು ಸಲ ಹೇಳಿದ್ದೇನೋ ಆ ಭಾಗವನ್ನು! ಅಗ್ನಿಯ ಹಸಿವಿಗೆ ಕೃಷ್ಣಾರ್ಜುನರು ಕಾಡನ್ನು ಸುಡಿಸುತ್ತಾರೆ. ಹಾರಿಬಂದ ಹಕ್ಕಿಗೂ ಓಡಿಬಂದ ಮೃಗಕ್ಕೂ ಬಿಡುಗಡೆಯಿಲ್ಲ. ಉಳಿದ ಕೆಲವರಲ್ಲಿ ಮಯನೊಬ್ಬ, ಕಟ್ಟಡ ಕಟ್ಟುವವನು. ಆ ಉಪಕಾರಕ್ಕೆ ಅವನು ಪಾಂಡವರಿಗೆ ಸಭೆ ಕಟ್ಟಿಕೊಡುತ್ತಾನೆ. ಅಲ್ಲಿ ದುರ್ಯೋಧನ ನೀರನ್ನು ನೆಲವೆಂದು ಕಾಲಿಟ್ಟು ಬಿದ್ದು ಒದ್ದೆಯಾಗುತ್ತಾನೆ. ಇಷ್ಟು ವರ್ಷ ಇದನ್ನು ದುರ್ಯೋಧನನ ಅಹಂಕಾರಭಂಗವೆಂದು ಹೇಳಿ, ಪರೀಕ್ಷೆಗೆ ಹತ್ತು ಅಂಕದ ಪ್ರಶ್ನೆ ಕೊಟ್ಟು ಕೈತೊಳೆದುಕೊಂಡಿದ್ದೆ. ಆ ದಿನ ಪಾಠ ಹೇಳುತ್ತಿದ್ದಂತೆ ಮಾತು ನಿಂತಿತು. ಕಾಡನ್ನು ಸುಟ್ಟು ಬಂದ ಊರು, ಉಳಿದುಕೊಂಡ ಕಂಟ್ರಾಕ್ಟರು, ನೆಲವೆಂದು ಕಂಡು ನೀರಾಗಿರುವ ಜಾಗ. ವಿದ್ಯಾರ್ಥಿಗಳು ಮೇಷ್ಟರಿಗೆ ಮೈ ಸರಿಯಿಲ್ಲವೆಂದುಕೊಂಡರು.

ಮೈ ಸರಿಯಾಗಿಯೇ ಇದ್ದಿತು. ಅದಕ್ಕೆ ಹಿಂದಿನ ವಾರ ನಮ್ಮ ಮನೆಯೊಳಗೆ ನೀರು ಬಂದಿದ್ದಿತು.

2022ರ ಸೆಪ್ಟೆಂಬರು. ಬೆಂಗಳೂರಿನ ಪೂರ್ವಭಾಗದಲ್ಲಿ ಕಂಪ್ಯೂಟರು ಕಂಪನಿಯ ನೌಕರರು ಟ್ರ್ಯಾಕ್ಟರಿನಲ್ಲಿ ನಿಂತು ಕಚೇರಿಗೆ ಹೋದ ಮಳೆಗಾಲ ಅದು. ನಮ್ಮ ಬಡಾವಣೆ ಅಷ್ಟು ಹೆಸರುವಾಸಿಯಲ್ಲವಾದ್ದರಿಂದ ನಮ್ಮ ಚಿತ್ರ ಪತ್ರಿಕೆಯಲ್ಲಿ ಬರಲಿಲ್ಲ. ರಾತ್ರಿ ಎರಡು ಗಂಟೆಗೆ ಬಚ್ಚಲಿನ ಮೋರಿಯಿಂದ ನೀರು ಒಳಮುಖವಾಗಿ ಉಕ್ಕಿ ನಡುಮನೆಗೆ ನಡೆದುಬಂದಿತು. ಕಪಾಟಿನ ಕೆಳಗಿನ ಎರಡು ಸಾಲು ಪುಸ್ತಕ ಹೋದವು. ಅಮ್ಮನನ್ನು ಮೇಜಿನ ಮೇಲೆ ಕೂರಿಸಿ ಬೆಳಗಿನವರೆಗೆ ಬಕೀಟು ಹಿಡಿದೆವು.

ಬೆಳಿಗ್ಗೆ ರಸ್ತೆಗೆ ಹತ್ತಿದೆ. ಹತ್ತಿದೆ ಎಂಬ ಮಾತನ್ನು ಗಮನಿಸಬೇಕು. ನಮ್ಮ ಮನೆಯ ಮುಂದಿನ ರಸ್ತೆ ಎತ್ತರ. ಗೇಟು ತೆರೆದು ಐದು ಮೆಟ್ಟಿಲು ಇಳಿದರೆ ಮನೆ. ಇಪ್ಪತ್ತಾರು ವರ್ಷದಿಂದ ಆ ಮೆಟ್ಟಿಲನ್ನು ಹತ್ತಿ ಇಳಿದಿದ್ದರೂ ಅದೇಕೆ ಹಾಗಿದೆಯೆಂದು ನಾನು ಕೇಳಿರಲಿಲ್ಲ. ಆ ರಸ್ತೆಯ ತಿರುವಿನಲ್ಲಿ ಎಳನೀರು ಮಾರುವ ಮುದುಕರೊಬ್ಬರಿದ್ದಾರೆ. ಬಡಾವಣೆಗೆ ಮುಂಚಿನ ಹಳ್ಳಿಯವರು. ಅವರು ನೀರಿನಲ್ಲಿ ನಿಂತ ನಮ್ಮ ಮನೆಯನ್ನು ನೋಡಿ, “ಇದು ಏರಿ ಅಲ್ವರಾ ಮೇಷ್ಟ್ರೇ, ನಾವು ನಿಂತಿರೋದು” ಎಂದರು. “ಕೋಡಿ ಇದ್ದಿದ್ದು ಅಲ್ಲಿ, ಈಗ ಕಲ್ಯಾಣಮಂಟಪ ಐತಲ್ಲ, ಅಲ್ಲಿ. ನೀರು ಇನ್ನೆಲ್ಲಿಗೆ ಹೋಗ್ತದೆ? ನಿಮ್ಮನೆ ಇರೋ ತಾವು ಬಲೇ ಆಳ. ನಾವು ಎಮ್ಮೇನೂ ಅಷ್ಟು ದೂರ ಬಿಡ್ತಿರ್ಲಿಲ್ಲ.”

ಕೆರೆಯ ಕಾದಂಬರಿಗೆಂದು ನಾನು ಗೆಜೆಟಿಯರು ಓದಿದ್ದೆ, ಶಾಸನ ಓದಿದ್ದೆ, ಹಳೆಯ ನಕ್ಷೆಗಳ ಮೇಲೆ ಬೆರಳಾಡಿಸಿದ್ದೆ. ನಮ್ಮ ಮನೆಯ ಕ್ರಯಪತ್ರವನ್ನು ಮಾತ್ರ ಓದಿರಲಿಲ್ಲ. ಅದನ್ನು ಕಬ್ಬಿಣದ ಪೆಟ್ಟಿಗೆಯಿಂದ ತೆಗೆದು ನೋಡಿದರೆ, ಚೆಕ್ಕುಬಂದಿಯಲ್ಲಿ ಉತ್ತರಕ್ಕೆ ‘ಕೆರೆ ಏರಿ ರಸ್ತೆ’ ಎಂದು ಸ್ಪಷ್ಟವಾಗಿ ಟೈಪು ಮಾಡಿದ್ದಿತು. ಕೆಳಗೆ ಅಪ್ಪನ ಸಹಿ. 1994, ಅವರು ನಿವೃತ್ತರಾದ ವರ್ಷ.

ನನ್ನ ತಂದೆ ಹೈಸ್ಕೂಲಿನಲ್ಲಿ ಭೂಗೋಳ ಹೇಳುತ್ತಿದ್ದವರು. ಮಕ್ಕಳಿಗೆ ಸಮೋನ್ನತಿ ರೇಖೆಗಳನ್ನು ಅರ್ಥಮಾಡಿಸುವುದಕ್ಕೆ ಮನೆಯಲ್ಲಿ ಹಿಟ್ಟಿನ ಗುಡ್ಡ ಮಾಡಿ ಕೊಂಡೊಯ್ಯುತ್ತಿದ್ದವರು. ಬಸ್ಸಿನಲ್ಲಿ ಟಿಕೆಟು ಕೊಡಲು ಮರೆತ ಕಂಡಕ್ಟರನ್ನು ಹುಡುಕಿಕೊಂಡು ಹೋಗಿ ದುಡ್ಡು ಕೊಟ್ಟವರು. ಅವರಿಗೆ ತಿಳಿದಿರಲಿಲ್ಲವೆಂದು ನಂಬಲು ನಾನು ಎರಡು ದಿನ ಪ್ರಯತ್ನಪಟ್ಟೆ. ಮೂರನೆಯ ದಿನ ಅಮ್ಮನನ್ನು ಕೇಳಿದೆ.

“ಗೊತ್ತಿತ್ತು ಕಣೋ” ಎಂದರು ಅಮ್ಮ, ಒದ್ದೆಯಾದ ಪುಸ್ತಕದ ಹಾಳೆಗಳ ನಡುವೆ ಹಳೆಯ ಪತ್ರಿಕೆ ಇಡುತ್ತಾ. “ಬಂದು ನೋಡಿ ಹೋದ ರಾತ್ರಿ ನಿದ್ದೆ ಮಾಡಲಿಲ್ಲ. ಇದು ಕೆರೆ ಅಂದರು. ಬೇರೆ ಕಡೆ ಸೈಟಿಗೆ ದುಡ್ಡು ಸಾಲದು. ಬಾಡಿಗೆ ಮನೆಯವರು ಖಾಲಿ ಮಾಡಿ ಅಂತಿದ್ದರು, ನೀನು ಹೈಸ್ಕೂಲು. ಎಲ್ಲರೂ ತಗೋತಿದ್ದಾರೆ, ನಾವೊಬ್ಬರು ಬಿಟ್ಟರೆ ಕೆರೆ ಉಳಿಯುತ್ತಾ ಅಂತ ನಾನೇ ಅಂದೆ.” ಸ್ವಲ್ಪ ಹೊತ್ತು ಬಿಟ್ಟು, “ನಿನಗೆ ನೆನಪಿಲ್ವಾ, ನಾವು ಬಂದಾಗ ಇನ್ನೂ ಹೊಂಡ ಇತ್ತಲ್ಲ” ಎಂದರು.

ನೆನಪಿತ್ತು. ನೀವು ಕೇಳುವವರೆಗೆ ಕೆಲವು ನೆನಪುಗಳು ಹೂಳಿನಲ್ಲೇ ಇರುತ್ತವೆ. ನಾವು ಮನೆ ಕಟ್ಟಿ ಬಂದದ್ದು 1996ರಲ್ಲಿ. ಮನೆಯ ಹಿಂದೆ ಜೊಂಡು ಬೆಳೆದ ಒಂದು ಹೊಂಡವಿದ್ದಿತು, ರಾತ್ರಿಯೆಲ್ಲ ಕಪ್ಪೆ ವಟಗುಟ್ಟುತ್ತಿದ್ದವು, ಪಿ.ಯು.ಸಿ. ಪರೀಕ್ಷೆಗೆ ಆ ಸದ್ದಿನ ನಡುವೆಯೇ ಓದಿದ್ದೆ. ಮುಂದಿನ ವರ್ಷ ಲಾರಿಗಳು ಬಂದು ಮಣ್ಣು ಸುರಿದವು. ನಾವು ಹುಡುಗರು ಲಾರಿಯ ಹಿಂದೆ ಓಡಿ ಕೇಕೆ ಹಾಕಿದೆವು, ಏಕೆಂದರೆ ನಮಗೆ ಕ್ರಿಕೆಟಿಗೆ ಜಾಗವಾಯಿತು. ಮಣ್ಣು ಗಟ್ಟಿಯಾಗಲೆಂದು ತುಳಿದದ್ದರಲ್ಲಿ ನನ್ನ ಕಾಲೂ ಸೇರಿದ್ದವು. ಕಪ್ಪೆಗಳ ಸದ್ದು ಯಾವ ರಾತ್ರಿ ನಿಂತಿತೆಂದು ನೆನಪಿಲ್ಲ. ಭೌತಶಾಸ್ತ್ರದ ಮಿತ್ರರು ಮೆಚ್ಚಿದ ಕಪ್ಪೆಗಳ ಸಭೆ ನನ್ನ ಪ್ರತಿಭೆಯಿಂದ ಬಂದದ್ದೆಂದು ಅಲ್ಲಿಯವರೆಗೆ ನಂಬಿದ್ದೆ.

ಆಮೇಲೆ ಕಾದಂಬರಿ ನಡೆದದ್ದು ಕುಂಟುತ್ತಲೇ. ರಾಕ್ಷಸ ಹೋಗಿದ್ದ, ಅವನ ಜಾಗದಲ್ಲಿ ಈಗ ಒಬ್ಬ ನಿವೃತ್ತ ಮೇಷ್ಟರು ಬಂದು ಕುಳಿತರು, ಒಳ್ಳೆಯವರು, ಕೈಯಲ್ಲಿ ಕ್ರಯಪತ್ರ. ಅವರನ್ನು ಹಳಿಯೋಣವೆಂದರೆ ಕೈ ಬರೆಯಲೊಲ್ಲದು. ಬಿಟ್ಟುಬಿಡೋಣವೆಂದರೆ ಕೆರೆಯಮ್ಮ ಬಿಡಲೊಲ್ಲಳು. ಕೊನೆಯ ಅಧ್ಯಾಯದಲ್ಲಿ ಅವಳು ಐದು ಮೆಟ್ಟಿಲಿಳಿದು ಅವರ ಬಾಗಿಲಿಗೇ ಬಂದು, “ನಮ್ಮ ನೀರಗಂಟಿ ಬಂದನೇನಪ್ಪ?” ಎನ್ನುತ್ತಾಳೆ. ಆ ಬೀದಿಯಲ್ಲಿ ಆ ಶಬ್ದದ ಅರ್ಥ ಬಲ್ಲವರು ಅವರೊಬ್ಬರೇ. “ಬರುತ್ತಾನೆ” ಎಂದರೆ ಅವರು ಸುಳ್ಳು ಹೇಳಿದಂತೆ, ಜೀವಮಾನದಲ್ಲಿ ಟಿಕೆಟಿಲ್ಲದೆ ಪ್ರಯಾಣ ಮಾಡದವರು. “ಬರುವುದಿಲ್ಲ” ಎಂದರೆ ಮನೆ, ಒಳಗೆ ಓದುತ್ತ ಕುಳಿತ ಮಗ, ಇಡೀ ಬೀದಿ ನೀರಿನೊಳಗೆ. ಮೂರು ಬಗೆಯಲ್ಲಿ ಮುಗಿಸಿ ನೋಡಿದೆ. ಒಂದರಲ್ಲಿ ಎಲ್ಲರೂ ಮನೆ ಬಿಟ್ಟು ನಡೆದುಬಿಡುತ್ತಾರೆ. ಬೆಂಗಳೂರಿನಲ್ಲಿ ಮನೆ ಕಟ್ಟಿದವರು ಯಾರೂ ಇದನ್ನು ನಂಬಲಾರರು. ಇನ್ನೊಂದರಲ್ಲಿ ಕೆರೆಯಮ್ಮ ಕ್ಷಮಿಸುತ್ತಾಳೆ. ಅದನ್ನು ಬರೆದ ರಾತ್ರಿ ನನಗೇ ನಾಚಿಕೆಯಾಯಿತು. ಮೂರನೆಯದು ಹೇಳುವಂಥದ್ದಲ್ಲ.

ಕಳೆದ ತಿಂಗಳು ಒಂದು ಸಂಜೆ, ಬೇರೆ ದಾರಿ ಕಾಣದೆ, ಆ ಅಧ್ಯಾಯವನ್ನು ಅಮ್ಮನಿಗೆ ಓದಿ ಹೇಳಿದೆ. ಅವರಿಗೆ ಈಗ ಕಣ್ಣು ಮಂಜು. ಮೇಷ್ಟರು ಯಾರೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮುದುಕಿ ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳುವಲ್ಲಿಗೆ ನಿಲ್ಲಿಸಿ, “ಇಲ್ಲಿಂದ ಮುಂದಕ್ಕೆ ಹೋಗ್ತಿಲ್ಲಮ್ಮ” ಎಂದೆ.

“ಅಲ್ಲೋ, ಬಿಸಿಲಲ್ಲಿ ಅಷ್ಟು ದೂರದಿಂದ ನಡೆದು ಬಂದಿದ್ದಾಳೆ, ವಯಸ್ಸಾದವಳು” ಎಂದರು ಅಮ್ಮ. “ಪ್ರಶ್ನೆ ಆಮೇಲೆ. ಮೊದಲು ಒಳಗೆ ಕರಿ, ಕೂರಿಸು, ಕುಡಿಯೋಕೆ ನೀರು ಕೊಡು.”

ಇದು ನನಗೆ ಹೊಳೆದಿರಲಿಲ್ಲ. ರಾತ್ರಿ ಕುಳಿತು ಬರೆದೆ. ಮೇಷ್ಟರು ಪಕ್ಕಕ್ಕೆ ಸರಿದು, “ಒಳಗೆ ಬನ್ನಿ ತಾಯಿ” ಎಂದರು. ಮುದುಕಿ ಒಳಗೆ ಬಂದು, ಎಲ್ಲಿ ಏನಿದೆಯೆಂದು ಮೊದಲೇ ಗೊತ್ತಿದ್ದವಳಂತೆ ನಡುಮನೆಯ ಕಂಬದ ಬಳಿ ಕುಳಿತಳು. ಮೇಷ್ಟರು ಲೋಟ ಹಿಡಿದು ಅಡುಗೆಮನೆಗೆ ಹೋದರು. ಅಲ್ಲಿ ಮತ್ತೆ ನಿಂತಿದೆ. ನಮ್ಮ ಬೀದಿಗೆ ಕಾವೇರಿ ಬರುವುದು ವಾರಕ್ಕೆರಡು ದಿನ. ಆ ದಿನ ಕಾವೇರಿಯದಲ್ಲ. ತೊಟ್ಟಿಯಲ್ಲಿದ್ದದ್ದು ಟ್ಯಾಂಕರಿನವನು ಎಲ್ಲಿಯದೋ ಕೊಳವೆಬಾವಿಯಿಂದ ತಂದು ಸುರಿದ ನೀರು, ಸಾವಿರ ಅಡಿ ಕೆಳಗಿನದಂತೆ. ಮೇಷ್ಟರು ಲೋಟ ಕೈಯಲ್ಲಿ ಹಿಡಿದು ನಲ್ಲಿಯ ಮುಂದೆ ನಿಂತಿದ್ದಾರೆ. ನಡುಮನೆಯಿಂದ ಮುದುಕಿ, “ನಿಧಾನವಾಗಿ ತಾಪ್ಪ, ನನಗೇನೂ ಅವಸರವಿಲ್ಲ” ಎನ್ನುತ್ತಿದ್ದಾಳೆ.